ಮಗುವಿನ ಉಸಿರು ಯಾವಾಗ ತುರ್ತು? ಹೆತ್ತವರಿಗೆ ಮೊದಲೇ ತೋರಿಸಿಕೊಡಿ: ಒಂದು ಬಹಿರಂಗ ಪತ್ರ

ಮಾನ್ಯರೆ,

ಮಕ್ಕಳ ಆರೋಗ್ಯದ ಹೊಣೆ ಹೊತ್ತ ಅಧಿಕಾರಿಗಳಿಗೆ, ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿಗೆ, ಹಗಲು ರಾತ್ರಿ ಸಹಾಯವಾಣಿಗಳಲ್ಲಿ ಕುಳಿತು ಕರೆ ಸ್ವೀಕರಿಸುವವರಿಗೆ ಈ ಪತ್ರ ಬರೆಯುತ್ತಿದ್ದೇನೆ. ಪುಟ್ಟ ಮಕ್ಕಳಿರುವ ಮನೆಯವರೂ ಓದಲಿ ಎಂಬ ಆಸೆಯಿಂದ ಇದನ್ನು ಬಹಿರಂಗಪಡಿಸಿದ್ದೇನೆ. ನಾನು ಮಕ್ಕಳ ವಾರ್ಡಿನಲ್ಲಿ ಶುಶ್ರೂಷಕಿ. ಉಸಿರಾಟದ ತೊಂದರೆಯಾದ ಕೂಸುಗಳನ್ನು ಎತ್ತಿಕೊಂಡು ಬರುವ ತಂದೆ ತಾಯಂದಿರನ್ನು ಬಾಗಿಲಲ್ಲೇ ಎದುರುಗೊಳ್ಳುವುದು ನನ್ನ ಕೆಲಸ. ಅವರಲ್ಲಿ ಕೆಲವರು ಸಾಮಾನ್ಯ ನೆಗಡಿಗೆ ಹೆದರಿ ನಡುರಾತ್ರಿ ಓಡಿ ಬಂದಿರುತ್ತಾರೆ. ಇನ್ನು ಕೆಲವರು ಹಿಂದಿನ ದಿನವೇ ಬರಬೇಕಾಗಿದ್ದವರು. ಇಬ್ಬರಿಗೂ ಮಗುವಿನ ಮೇಲಿನ ಪ್ರೀತಿಯಲ್ಲಿ ಕೊರತೆಯಿಲ್ಲ. ಇಬ್ಬರಿಗೂ ಯಾರೂ ಎದೆಯನ್ನು ನೋಡುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಮಗುವನ್ನು ಈಗಲೇ ಕರೆದೊಯ್ಯಬೇಕೆ, ಬೆಳಗಿನವರೆಗೆ ಕಾಯಬಹುದೆ ಎಂಬ ಮೊದಲ ತೀರ್ಮಾನ ಯಾವತ್ತೂ ವೈದ್ಯರದ್ದಲ್ಲ, ಮನೆಯವರದ್ದು. ಆ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆ ಹತ್ತು ನಿಮಿಷದಲ್ಲಿ ಕಲಿಸಬಹುದಾದಷ್ಟು ಸರಳವಾದದ್ದು. ಆದರೂ ಬಹಳಷ್ಟು ಮನೆಗಳಿಗೆ ಅದು ತಲುಪುವುದು ಮಗುವಿಗೆ ಒಮ್ಮೆ ಜೋರಾಗಿ ಕಾಯಿಲೆಯಾದ ಮೇಲೆ. ಹೆರಿಗೆಯಾಗಿ ಮನೆಗೆ ಹೊರಡುವ ಪ್ರತಿ ತಾಯಿಗೂ, ಲಸಿಕೆಗೆ ಬರುವ ಪ್ರತಿ ಕುಟುಂಬಕ್ಕೂ ಉಸಿರಾಟದ ಅಪಾಯದ ಲಕ್ಷಣಗಳನ್ನು ಕಣ್ಣಾರೆ ತೋರಿಸಿಕೊಡಿ. ಅವರು ಅದೇ ಲಕ್ಷಣಗಳನ್ನು ಹೇಳಿಕೊಂಡು ನಿಮ್ಮ ಬಾಗಿಲಿಗೆ ಬಂದಾಗ, ಫೋನಿನಲ್ಲಿ ಹೇಳಿದಾಗ, ಆ ಮಾತನ್ನು ಪುರಾವೆಯೆಂದು ಪರಿಗಣಿಸಿ. ಇದೇ ನನ್ನ ಕೋರಿಕೆ. ಮುಂದಿನದೆಲ್ಲ ಈ ಕೋರಿಕೆಗೆ ಕಾರಣಗಳು ಮತ್ತು ತೋರಿಸಬೇಕಾದ ಲಕ್ಷಣಗಳ ವಿವರ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ 7,40,180 ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಆ ವಯಸ್ಸಿನ ಒಟ್ಟು ಸಾವುಗಳಲ್ಲಿ ಇದು ಶೇ. 14ರಷ್ಟು. ಅಗ್ಗದ ಔಷಧಿ ಇರುವ ಕಾಯಿಲೆಯೊಂದು ಇಷ್ಟು ಜೀವಗಳನ್ನು ತೆಗೆಯುವುದಕ್ಕೆ ಬಡತನ, ಅಪೌಷ್ಟಿಕತೆ, ಆಸ್ಪತ್ರೆಯ ದೂರ, ಆಮ್ಲಜನಕದ ಕೊರತೆ ಹೀಗೆ ಹಲವು ಕಾರಣಗಳಿವೆ. ತಡವಾಗಿ ಗುರುತಿಸುವುದೂ ಅವುಗಳಲ್ಲೊಂದು, ಮತ್ತು ಉಳಿದೆಲ್ಲವುಗಳಿಗಿಂತ ಬೇಗ ಸರಿಪಡಿಸಬಹುದಾದದ್ದು.

ಚಿಕ್ಕ ಮಕ್ಕಳು ಉಸಿರಿನ ವಿಷಯದಲ್ಲಿ ದೊಡ್ಡವರ ಹಾಗಲ್ಲ ಎಂಬುದನ್ನು ಮೊದಲು ಮನೆಯವರಿಗೆ ಹೇಳಬೇಕು. ಕೂಸಿನ ಶ್ವಾಸನಾಳ ಕೆಲವೇ ಮಿಲಿಮೀಟರ್ ಅಗಲದ್ದು. ನಳಿಕೆಯ ಒಳಗೋಡೆ ಒಂದು ಮಿಲಿಮೀಟರ್ ಊದಿಕೊಂಡರೆ ದೊಡ್ಡವರಿಗೆ ಗಂಟಲು ಕೆರೆತವಷ್ಟೇ ಆಗಬಹುದು. ಕೂಸಿಗೆ ಗಾಳಿಯ ದಾರಿಯೇ ಅರ್ಧವಾಗುತ್ತದೆ. ನಳಿಕೆಯ ತ್ರಿಜ್ಯ ಅರ್ಧಕ್ಕಿಳಿದರೆ ಗಾಳಿಯ ಹರಿವಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಹೆಚ್ಚುತ್ತದೆ. ಮೊದಲ ಕೆಲವು ತಿಂಗಳು ಕೂಸು ಬಹುಪಾಲು ಮೂಗಿನಿಂದಲೇ ಉಸಿರಾಡುವುದರಿಂದ ಬರಿಯ ಮೂಗು ಕಟ್ಟುವುದೂ ಹಾಲು ಕುಡಿಯುವುದಕ್ಕೆ ಅಡ್ಡಿಯಾಗುತ್ತದೆ. ಪಕ್ಕೆಲುಬುಗಳು ಇನ್ನೂ ಮೆತ್ತಗಿರುತ್ತವೆ, ಉಸಿರಾಟದ ಕೆಲಸದ ಬಹುಭಾಗವನ್ನು ಎದೆ ಹೊಟ್ಟೆಗಳ ನಡುವಿನ ವಪೆಯೊಂದೇ ಮಾಡುತ್ತಿರುತ್ತದೆ, ಅದು ಬೇಗ ದಣಿಯುತ್ತದೆ. ತೂಕಕ್ಕೆ ಹೋಲಿಸಿದರೆ ಕೂಸಿಗೆ ಬೇಕಾದ ಆಮ್ಲಜನಕ ವಯಸ್ಕರಿಗಿಂತ ಸುಮಾರು ಇಮ್ಮಡಿ. ಹೀಗಾಗಿ ಮಗು ಕೆಲವು ಗಂಟೆಗಳ ಕಾಲ ಶಕ್ತಿಮೀರಿ ಉಸಿರೆಳೆದು ನಿಭಾಯಿಸುತ್ತದೆ, ಆಮೇಲೆ ಒಮ್ಮೆಲೇ ಸೋಲುತ್ತದೆ. ಆ ನಿಭಾಯಿಸುವ ಹೊತ್ತಿನಲ್ಲೇ ಅದನ್ನು ಗುರುತಿಸಬೇಕು.

ಆದರೆ ಸಾಮಾನ್ಯವಾಗಿ ಮನೆಯವರು ಯಾವುದನ್ನು ನೋಡಿ ಹೆದರುತ್ತಾರೆ? ಜ್ವರ ಎಷ್ಟಿದೆ ಎಂದು ನೋಡುತ್ತಾರೆ, ಕೆಮ್ಮು ಎಷ್ಟು ಜೋರಾಗಿದೆ ಎಂದು ಕೇಳಿಸಿಕೊಳ್ಳುತ್ತಾರೆ, ಎದೆಯ ಮೇಲೆ ಕೈಯಿಟ್ಟಾಗ ಗೊರಗೊರ ಎನ್ನುವ ಕಫದ ಸದ್ದು ಅವರ ನಿದ್ದೆಗೆಡಿಸುತ್ತದೆ. ಇವೆಲ್ಲ ಗಮನಿಸಬೇಕಾದವೇ, ಆದರೆ ತುರ್ತನ್ನು ಅಳೆಯಲು ಇವು ಸಾಲವು. ಗೊರಗೊರ ಸದ್ದು ಹೆಚ್ಚಿನ ಸಲ ಮೂಗು ಗಂಟಲುಗಳಲ್ಲಿ ನಿಂತ ಸಿಂಬಳದ್ದು. ಅದು ಎದೆಗೂಡಿನಲ್ಲಿ ಮಾರ್ದನಿಸುತ್ತದೆಯೇ ಹೊರತು ಪುಪ್ಪುಸದ ಸೋಂಕನ್ನು ಹೇಳುವುದಿಲ್ಲ. ಕೆಮ್ಮುತ್ತಾ ಕೆಮ್ಮುತ್ತಾ ಆಟವಾಡುವ, ನಡುವೆ ಹಾಲು ಕುಡಿಯುವ, ನಕ್ಕರೆ ನಗುವ ಮಗುವಿಗೆ 39 ಡಿಗ್ರಿ ಸೆಲ್ಸಿಯಸ್ ಜ್ವರವಿದ್ದರೂ ಅದರ ಉಸಿರು ತಕ್ಕಮಟ್ಟಿಗೆ ಚೆನ್ನಾಗಿಯೇ ಇರಬಹುದು. ಜ್ವರವೇ ಇಲ್ಲದೆ ಸುಮ್ಮನೆ ಮಲಗಿ, ಪ್ರತಿ ಉಸಿರಿಗೂ ಪಕ್ಕೆಯನ್ನು ಒಳಕ್ಕೆ ಸೆಳೆದುಕೊಳ್ಳುತ್ತಿರುವ ಮಗು ಗಂಡಾಂತರದಲ್ಲಿರಬಹುದು. ಕೆಮ್ಮಿನ ಸದ್ದನ್ನು ಕೇಳಿ ತೀರ್ಮಾನಿಸುವ ರೂಢಿಯಿಂದ ಎದೆಯನ್ನು ನೋಡಿ ತೀರ್ಮಾನಿಸುವ ರೂಢಿಗೆ ಮನೆಯವರನ್ನು ಕರೆತರಬೇಕು.

ನೋಡುವುದಕ್ಕೆ ಬೇಕಾದದ್ದು ಒಳ್ಳೆಯ ಬೆಳಕು, ಸೆಕೆಂಡು ತೋರಿಸುವ ಗಡಿಯಾರ, ಸಮಾಧಾನದಲ್ಲಿರುವ ಮಗು. ಮಲಗಿದ್ದರೆ ಇನ್ನೂ ಒಳ್ಳೆಯದು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ ಲೆಕ್ಕಕ್ಕೆ ಬೆಲೆಯಿಲ್ಲ. ಅಂಗಿಯನ್ನು ಕುತ್ತಿಗೆಯವರೆಗೂ ಎತ್ತಿ, ಹೊಟ್ಟೆ ಮತ್ತು ಎದೆಯ ಕೆಳಭಾಗ ಪೂರ್ತಿ ಕಾಣುವಂತೆ ಮಾಡಬೇಕು. ಹೊಟ್ಟೆ ಒಮ್ಮೆ ಮೇಲೆದ್ದು ಇಳಿದರೆ ಒಂದು ಉಸಿರು. ಪೂರ್ತಿ 60 ಸೆಕೆಂಡು ಎಣಿಸಬೇಕು. ಕೂಸುಗಳ ಉಸಿರು ಒಂದೇ ಹದದಲ್ಲಿ ಸಾಗುವುದಿಲ್ಲವಾದ್ದರಿಂದ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳು ತುಂಬಿ ವರ್ಷ ತುಂಬದ ಮಗುವಿಗೆ 50 ಅಥವಾ ಹೆಚ್ಚು, ವರ್ಷ ತುಂಬಿ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಎಂದಾದರೆ ಅದು ವೇಗದ ಉಸಿರಾಟ. ಇವು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿ ಜಗತ್ತಿನಾದ್ಯಂತ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವ ಮಿತಿಗಳು. ಎಕ್ಸ್‌ರೇ ಯಂತ್ರವಾಗಲಿ ಪ್ರಯೋಗಾಲಯವಾಗಲಿ ಕೈಗೆಟುಕದ ಕಡೆ, ಉಸಿರಿನ ಎಣಿಕೆ ಮತ್ತು ಎದೆಯ ಸೆಳೆತ (ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಕುಸಿಯುವುದು) ಇವೆರಡನ್ನೇ ನೋಡಿ ನ್ಯುಮೋನಿಯಾವನ್ನು ಗುರುತಿಸಬಹುದೆಂದು ತೋರಿಸಿದ ಕೆಲಸದಲ್ಲಿ ಪಪುವಾ ನ್ಯೂಗಿನಿಯಲ್ಲಿದ್ದ ಮಕ್ಕಳ ವೈದ್ಯ ಫ್ರಾಂಕ್ ಶಾನ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ದೊಡ್ಡ ಪಾಲಿದೆ. ದಿನಗಟ್ಟಲೆ ನಡೆದು ಆಸ್ಪತ್ರೆ ಸೇರಬೇಕಾದ ಜನರಿಗಾಗಿ ರೂಪುಗೊಂಡ ಈ ಜ್ಞಾನ, ಪಕ್ಕದಲ್ಲೇ ಆಸ್ಪತ್ರೆಯಿರುವ ಮನೆಗಳಿಗೂ ಇನ್ನೂ ಸರಿಯಾಗಿ ತಲುಪಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಎಣಿಸುವಾಗ ಎರಡು ಮಾತು ನೆನಪಿರಲಿ. ಜ್ವರ ಏರಿದಾಗ ಉಸಿರೂ ವೇಗವಾಗುತ್ತದೆ; ಆದ್ದರಿಂದ ಜ್ವರ ಇಳಿದ ಮೇಲೆ ಮತ್ತೊಮ್ಮೆ ಎಣಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆದರೆ ಬೇರೆ ಅಪಾಯದ ಲಕ್ಷಣ ಕಾಣುತ್ತಿದ್ದರೆ ಜ್ವರ ಇಳಿಯಲೆಂದು ಕಾಯುತ್ತ ಕೂರಬಾರದು. ಎರಡನೆಯದು, ಹಸುಗೂಸುಗಳು ಕೆಲವೊಮ್ಮೆ ಸರಸರನೆ ಉಸಿರಾಡಿ ಐದು ಹತ್ತು ಸೆಕೆಂಡು ಸುಮ್ಮನಿದ್ದು ಮತ್ತೆ ಶುರುಮಾಡುತ್ತವೆ. ಮೈಬಣ್ಣ ಚೆನ್ನಾಗಿದ್ದು ಮಗು ಲವಲವಿಕೆಯಿಂದಿದ್ದರೆ ಇದು ಸಹಜ. ಆ ವಿರಾಮ 20 ಸೆಕೆಂಡಿಗೆ ಮುಟ್ಟಿದರೆ, ಅಥವಾ ಎಷ್ಟೇ ಚಿಕ್ಕದಾಗಿದ್ದರೂ ಮಗು ಬಿಳಿಚಿಕೊಂಡರೆ, ನೀಲಿಯಾದರೆ, ಮೈಸಡಿಲವಾಗಿ ಜೋತುಬಿದ್ದರೆ, ಆ ಕ್ಷಣವೇ ತುರ್ತು ಸಹಾಯಕ್ಕೆ ಕರೆ ಮಾಡಬೇಕು. ಆಮೇಲೆ ಸರಿಹೋಯಿತಲ್ಲ ಎಂದು ಸುಮ್ಮನಾಗುವಂತಿಲ್ಲ.

ಎಣಿಕೆಗಿಂತಲೂ ದೊಡ್ಡ ಲಕ್ಷಣ ಎದೆಯ ಸೆಳೆತ. ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು, ತೋರಿಸಲೇಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ. ಆರೋಗ್ಯವಂತ ಮಗು ಉಸಿರು ಒಳಗೆಳೆದುಕೊಂಡಾಗ ಎದೆ, ಹೊಟ್ಟೆ ಎರಡೂ ಒಟ್ಟಿಗೆ ಮೇಲೇಳುತ್ತವೆ. ಕಷ್ಟದಲ್ಲಿರುವ ಮಗುವಿನಲ್ಲಿ ಹೊಟ್ಟೆ ಉಬ್ಬುತ್ತಿರುವ ಅದೇ ಹೊತ್ತಿಗೆ ಕೊನೆಯ ಪಕ್ಕೆಲುಬಿನ ಅಂಚು ಒಳಕ್ಕೆ ಕುಸಿಯುತ್ತದೆ, ಅಲ್ಲೊಂದು ಗೆರೆ ಆಳವಾಗಿ ಮೂಡಿ ಮಾಯವಾಗುತ್ತದೆ. ಇನ್ನಷ್ಟು ಕಷ್ಟವಾದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಹೋಗಿ ಎಲುಬುಗಳನ್ನು ಒಂದೊಂದಾಗಿ ಎಣಿಸುವಂತಾಗುತ್ತದೆ, ಕತ್ತಿನ ಬುಡದಲ್ಲಿ ಎದೆಮೂಳೆಯ ಮೇಲಿನ ಗುಳಿ ಪ್ರತಿ ಉಸಿರಿಗೂ ತಗ್ಗಾಗುತ್ತದೆ. ಮೂಗಿನ ಹೊಳ್ಳೆಗಳು ಅರಳುತ್ತವೆ. ಅಮ್ಮನ ಹೆಗಲಿಗೊರಗಿದ ಕೂಸಿನ ತಲೆ ಉಸಿರಿನ ತಾಳಕ್ಕೆ ಮೇಲೆ ಕೆಳಗೆ ಆಡುತ್ತಿರುತ್ತದೆ. ನೋಡುವವರಿಗೆ ಅದು ತೂಕಡಿಕೆಯಂತೆ ಕಾಣುತ್ತದೆ, ಆದರೆ ಕತ್ತಿನ ಸ್ನಾಯುಗಳನ್ನೂ ಉಸಿರಿನ ದುಡಿಮೆಗೆ ಹಚ್ಚಿದ ಮಗುವಿನ ಲಕ್ಷಣ ಅದು. ಉಸಿರು ಬಿಡುವಾಗ ಪ್ರತಿ ಸಲ ಸಣ್ಣಗೆ ಮುಲುಕುವ ಸದ್ದು ಕೇಳಿದರೆ, ಪುಪ್ಪುಸದ ಗಾಳಿಗೂಡುಗಳು ಮುಚ್ಚಿಹೋಗದಂತೆ ತಡೆಯಲು ಮಗು ಗಂಟಲನ್ನು ಅರೆಮುಚ್ಚಿ ಉಸಿರನ್ನು ಹಿಡಿದಿಡುತ್ತಿದೆ ಎಂದು ತಿಳಿಯಬೇಕು. ಆ ಸದ್ದನ್ನು ಹೊಟ್ಟೆನೋವೆಂದು ಭಾವಿಸಿ ಇಡೀ ರಾತ್ರಿ ಹೊಟ್ಟೆ ನೀವಿಕೊಂಡು ಕಳೆದ ಮನೆಯವರನ್ನು ನಾನು ಕಂಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲವಲ್ಲ ಎಂಬ ಸಂಕಟವಾಯಿತು.

ಎರಡು ತಿಂಗಳೊಳಗಿನ ಕೂಸಿನ ಎದೆಗೂಡು ತೀರ ಮೆತ್ತಗಿರುವುದರಿಂದ ತುಸು ಸೆಳೆತ ಸಹಜವೇ ಇರುತ್ತದೆ. ಎದ್ದು ಕಾಣುವಷ್ಟು ಆಳವಾಗಿದ್ದು ಬಿಡದೆ ನಡೆದರೆ ಅದು ಅಪಾಯ. ಅದಕ್ಕಿಂತ ದೊಡ್ಡ ಮಗುವಿನಲ್ಲಿ ಸುಮ್ಮನಿರುವಾಗಲೂ ಬಿಡದೆ ಕಾಣುವ ಎದೆಯ ಸೆಳೆತ ಬೆಳಗಿನವರೆಗೆ ಕಾಯುವ ವಿಷಯವಲ್ಲ. ಉಸಿರಿನ ವೇಗ ಮಾತ್ರ ಮಿತಿ ಮೀರಿದ್ದು, ಸೆಳೆತವಿಲ್ಲದೆ, ಮಗು ಎಚ್ಚರವಾಗಿ ಹಾಲು ಕುಡಿಯುತ್ತಿದ್ದರೆ ಆ ದಿನವೇ ತೋರಿಸಬೇಕು. ಸೆಳೆತವಿದ್ದರೆ ಆಗಲೇ ಹೊರಡಬೇಕು. ಮುಲುಕು, ತಲೆಯಾಟ, ಬಣ್ಣಗೆಡುವುದು, ಎಚ್ಚರ ತಪ್ಪುವುದು ಇವುಗಳಲ್ಲಿ ಯಾವುದೊಂದು ಇದ್ದರೂ ಆಂಬ್ಯುಲೆನ್ಸಿಗೆ ಕರೆ ಮಾಡಬೇಕು. ಇದು ನಾನು ಮನೆಯವರಿಗೆ ಹೇಳುವ ಮೆಟ್ಟಿಲು.

ಇನ್ನು ಹಾಲಿನ ಮಾತು. ಕೂಸಿಗೆ ಹಾಲು ಕುಡಿಯುವುದೇ ಅತಿ ದೊಡ್ಡ ಶ್ರಮದ ಕೆಲಸ. ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ಉಸಿರೇ ಸಾಲದಾದಾಗ ಅದು ಎರಡು ಗುಟುಕು ಚೀಪಿ ಬಿಟ್ಟುಬಿಡುತ್ತದೆ, ತೇಕುತ್ತದೆ, ಮುಖ ತಿರುಗಿಸುತ್ತದೆ. ಎಂದಿನ ಹಾಲಿನ ಅರ್ಧಕ್ಕಿಂತ ಕಡಿಮೆ ಕುಡಿಯುತ್ತಿದ್ದರೆ ಅಥವಾ 12 ಗಂಟೆಯಾದರೂ ಮೂತ್ರ ಮಾಡದಿದ್ದರೆ ತಡಮಾಡದೆ ತೋರಿಸಬೇಕು. ಏನನ್ನೂ ಕುಡಿಯಲಾರದಿದ್ದರೆ, ಕುಡಿದದ್ದೆಲ್ಲವನ್ನೂ ವಾಂತಿ ಮಾಡುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದೆ ಮಂಕಾಗಿದ್ದರೆ, ಇವನ್ನು ವಿಶ್ವ ಆರೋಗ್ಯ ಸಂಸ್ಥೆ ಅಪಾಯದ ಸಾಮಾನ್ಯ ಲಕ್ಷಣಗಳೆಂದೇ ಹೆಸರಿಸಿದೆ. ಕಾರಣ ಏನೇ ಇರಲಿ, ಆ ಮಗು ಆಸ್ಪತ್ರೆಯಲ್ಲಿರಬೇಕು.

ಇಲ್ಲಿ ಬಹಳ ಮಂದಿ ತಪ್ಪಾಗಿ ಓದುವ ಲಕ್ಷಣವೊಂದಿದೆ. ಇಡೀ ಸಂಜೆ ಕಿರಿಕಿರಿ ಮಾಡುತ್ತ, ಅಳುತ್ತ, ಜೋರಾಗಿ ಏದುಸಿರು ಬಿಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಉಸಿರೂ ನಿಧಾನವಾದಂತೆ ತೋರುತ್ತದೆ. ಸದ್ಯ ನಿದ್ದೆ ಹತ್ತಿತು, ಎಬ್ಬಿಸಬೇಡಿ ಎನ್ನುತ್ತಾರೆ ಹಿರಿಯರು. ನಿಜವಾಗಿ ಚೇತರಿಸಿಕೊಂಡ ಮಗುವಿನ ಸೆಳೆತ ಕಡಿಮೆಯಾಗಿರುತ್ತದೆ, ಬಣ್ಣ ಮರಳಿರುತ್ತದೆ, ಎಬ್ಬಿಸಿದರೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ, ಬಾಯಿಗೆ ಹಾಲಿಟ್ಟರೆ ಕುಡಿಯುತ್ತದೆ. ದಣಿದು ಸೋತ ಮಗು ಇದ್ಯಾವುದನ್ನೂ ಮಾಡುವುದಿಲ್ಲ. ಉಬ್ಬಸದ ಮಗುವಿನಲ್ಲಿಯೂ ಹೀಗೆಯೇ: ಸುಯ್ಯೆನ್ನುವ ಸದ್ದು ನಿಂತುಹೋಗಿ ಸೆಳೆತ ಹಾಗೇ ಉಳಿದಿದ್ದರೆ, ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲ ಎಂದರ್ಥ. ಸುಮ್ಮನಾದ ಮಗುವನ್ನು ಎಬ್ಬಿಸಿ ನೋಡಿ ಎಂದು ನಾನು ಪ್ರತಿ ಮನೆಯವರಿಗೂ ಕೈಮುಗಿದು ಹೇಳುತ್ತೇನೆ.

ಬಣ್ಣದ ವಿಷಯದಲ್ಲೂ ಎಚ್ಚರ ಬೇಕು. ಮಗು ನೀಲಿಯಾಗುತ್ತದೆ ಎಂದು ಪುಸ್ತಕಗಳು ಹೇಳುವುದು ತಿಳಿಬಣ್ಣದ ಚರ್ಮದ ಮೇಲೆ ಬೇಗ ಕಾಣುತ್ತದೆ. ಕಂದು ಅಥವಾ ಕಪ್ಪು ಚರ್ಮದ ಮಗುವಿನಲ್ಲಿ ನೋಡಬೇಕಾದ್ದು ನಾಲಿಗೆ, ತುಟಿಯ ಒಳಭಾಗ ಮತ್ತು ವಸಡು. ಅಲ್ಲಿ ಬೂದು ಅಥವಾ ನೇರಳೆ ಛಾಯೆ ಕಂಡರೆ ಆಮ್ಲಜನಕ ಆಗಲೇ ಬಹಳ ಇಳಿದಿದೆ. ಬಣ್ಣ ಕೆಟ್ಟಿಲ್ಲವೆಂಬ ಕಾರಣಕ್ಕೆ ಯಾರೂ ಸಮಾಧಾನಪಟ್ಟುಕೊಳ್ಳಬಾರದು, ಅದು ಕೊನೆಗೆ ಬರುವ ಲಕ್ಷಣ. ರಕ್ತದ ಆಮ್ಲಜನಕವನ್ನು ಅಳೆಯಲು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನೂ ಹಾಗೆಯೇ ನಂಬಿ ಕೂರುವಂತಿಲ್ಲ. ದೊಡ್ಡವರ ಕ್ಲಿಪ್ಪು ಕೂಸಿನ ಬೆರಳಿಗೆ ಹೊಂದುವುದಿಲ್ಲ, ಕೈ ಅಲುಗಿದರೆ, ತಣ್ಣಗಿದ್ದರೆ ಅಂಕಿ ತಪ್ಪುತ್ತದೆ. ಅಮೆರಿಕದಲ್ಲಿ ವಯಸ್ಕ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಧನಕ್ಕೆ ಕಾಣದೆ ಉಳಿದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪುವರ್ಣೀಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂತು. ಮನೆಯ ಸಾಧನ 90ಕ್ಕಿಂತ ಕೆಳಗೆ ತೋರಿಸಿದರೆ ಓಡಲೇಬೇಕು. 97 ತೋರಿಸುತ್ತಿದ್ದು ಎದೆ ಸೆಳೆಯುತ್ತಿದ್ದರೆ ಎದೆಯನ್ನೇ ನಂಬಬೇಕು.

ಸದ್ದುಗಳಲ್ಲಿ ಮುಖ್ಯವಾದದ್ದು ಉಸಿರು ಒಳಗೆಳೆಯುವಾಗ ಕೇಳುವ ಕರ್ಕಶ ಧ್ವನಿ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಲ್ಲಿ ರಾತ್ರಿ ಹೊತ್ತು ನಾಯಿ ಬೊಗಳಿದಂತಹ ಕೆಮ್ಮಿನ ಜೊತೆ ಇದು ಬರುವುದುಂಟು. ವೈದ್ಯರು ಇದನ್ನು ಕ್ರೂಪ್ ಎನ್ನುತ್ತಾರೆ. ಅತ್ತಾಗ ಮಾತ್ರ ಕೇಳಿಸಿ ಸುಮ್ಮನಾದಾಗ ನಿಂತರೆ ಸೌಮ್ಯ, ತೆಪ್ಪಗೆ ಕುಳಿತಾಗಲೂ ಕೇಳಿಸಿದರೆ ತುರ್ತು. ಇಂತಹ ಮಗುವನ್ನು ಅಳಿಸಿದಷ್ಟೂ ದಾರಿ ಇನ್ನಷ್ಟು ಕಿರಿದಾಗುತ್ತದೆ. ಜೋರು ಜ್ವರದಲ್ಲಿ ಮಗು ಮುಂದಕ್ಕೆ ಬಾಗಿ ಕುಳಿತು, ಎಂಜಲು ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ ಬಾಯೊಳಗೆ ಚಮಚ ಹಾಕಿ ಗಂಟಲು ನೋಡುವ ಸಾಹಸಕ್ಕೆ ಯಾರೂ ಕೈಹಾಕಬಾರದು, ಮಲಗಿಸಲೂ ಬಾರದು. ಕುಳಿತ ಭಂಗಿಯಲ್ಲೇ ಆಸ್ಪತ್ರೆಗೆ ಸಾಗಿಸಬೇಕು.

ಕೆಲವು ಸಂದರ್ಭಗಳಲ್ಲಿ ಎಣಿಸುವುದಕ್ಕೂ ಸಮಯವಿರುವುದಿಲ್ಲ. ಆಡುತ್ತಿದ್ದ, ಏನನ್ನೋ ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮತೊಡಗಿದರೆ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿಯಬೇಕು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಸದ್ದಡಗಿ, ಅಳಲೂ ಆಗದಿದ್ದರೆ, ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು ಬಲವಾದ ಏಟು, ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ದೊಡ್ಡ ಮಗುವಿಗೆ ಬೆನ್ನಿನ ಏಟು ಮತ್ತು ಹೊಟ್ಟೆಯ ಒತ್ತು. ಕಾಣದ ವಸ್ತುವಿಗಾಗಿ ಬೆರಳು ತೂರಿಸಿ ತಡಕಾಡಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಕೆಮ್ಮು ನಿಂತು ಮಗು ಆಟಕ್ಕೆ ಮರಳಿದರೂ, ಸಿಕ್ಕಿಕೊಂಡದ್ದು ಹೊರಬಂದದ್ದನ್ನು ಕಣ್ಣಾರೆ ನೋಡಿಲ್ಲದಿದ್ದರೆ ಆ ದಿನವೇ ತೋರಿಸಬೇಕು. ಹಾಗೆಯೇ ಏನನ್ನಾದರೂ ತಿಂದ ಮೇಲೆ ಅಥವಾ ಕೀಟ ಕಚ್ಚಿದ ಮೇಲೆ ಮೈಮೇಲೆ ದದ್ದು, ತುಟಿಯ ಊತ, ವಾಂತಿಯ ಜೊತೆ ಉಸಿರು ಕಟ್ಟಿದರೆ ಅದು ತೀವ್ರ ಅಲರ್ಜಿ. ಅದಕ್ಕೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ದದ್ದಿನ ಮಾತ್ರೆ ಕೊಟ್ಟು ಕಾಯುವಂತಿಲ್ಲ. ಕೆಮ್ಮಿಲ್ಲದೆ, ನೆಗಡಿಯಿಲ್ಲದೆ ಆಳವಾಗಿ, ವೇಗವಾಗಿ ಉಸಿರಾಡುತ್ತ ಪದೇ ಪದೇ ನೀರು ಕೇಳುವ, ಮೂತ್ರ ಮಾಡುವ, ಸೊರಗುತ್ತಿರುವ ಮಗುವಿಗೆ ಮಧುಮೇಹ ಉಲ್ಬಣಿಸಿರಬಹುದು. ಅದನ್ನೂ ಅಂದೇ ನೋಡಬೇಕು.

ಕೆಲವು ಮಕ್ಕಳ ವಿಷಯದಲ್ಲಿ ಕಾಯುವ ಮಾತೇ ಇಲ್ಲ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಉಸಿರು ಹೇಗೇ ಇರಲಿ, ವೈದ್ಯರು ನೋಡಬೇಕು. ಅವಧಿಗೆ ಮುನ್ನ ಹುಟ್ಟಿದ, ಹೃದಯದ ಇಲ್ಲವೇ ಪುಪ್ಪುಸದ ಹುಟ್ಟು ತೊಂದರೆಯಿರುವ, ಸ್ನಾಯು ದುರ್ಬಲವಾಗಿರುವ, ರೋಗನಿರೋಧಕ ಶಕ್ತಿ ಕುಂದಿರುವ ಮಕ್ಕಳು ಬೇಗ ಸೋಲುತ್ತಾರೆ. ಎರಡು ವರ್ಷದೊಳಗಿನವರನ್ನು, ಅದರಲ್ಲೂ ವರ್ಷ ತುಂಬದ ಕೂಸುಗಳನ್ನು ಕಾಡುವ ಬ್ರಾಂಕಿಯೋಲೈಟಿಸ್ (ಪುಪ್ಪುಸದ ಸಣ್ಣ ಗಾಳಿನಳಿಕೆಗಳ ಸೋಂಕು) ಬರಿಯ ನೆಗಡಿಯಾಗಿ ಶುರುವಾಗಿ ಮೂರರಿಂದ ಐದನೆಯ ದಿನದ ಹೊತ್ತಿಗೆ ತಾರಕಕ್ಕೇರುತ್ತದೆ. ಎರಡನೆಯ ದಿನ ವೈದ್ಯರು ನೋಡಿ ಏನೂ ಇಲ್ಲ ಎಂದದ್ದು ಆ ದಿನದ ಮಟ್ಟಿಗೆ ಸತ್ಯ. ನಾಲ್ಕನೆಯ ದಿನ ಸೆಳೆತ ಕಂಡರೆ, ಮೊನ್ನೆಯಷ್ಟೇ ತೋರಿಸಿದ್ದೇವಲ್ಲ ಎಂದು ಹಿಂಜರಿಯದೆ ಮತ್ತೆ ಬರಬೇಕು ಎಂಬ ಮಾತನ್ನು ವೈದ್ಯರೇ ಬಾಯಿಬಿಟ್ಟು ಹೇಳಿ ಕಳಿಸಬೇಕು.

ಹೊರಡುವ ಮುನ್ನ ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಮಗುವನ್ನು ಎದೆಗಾನಿಸಿಕೊಂಡು ನೆಟ್ಟಗೆ ಕೂರಿಸಿ, ಅದಕ್ಕೆ ಹಿತವೆನಿಸುವ ಭಂಗಿಯಲ್ಲಿಯೇ ಇರಲು ಬಿಡಿ. ತೇಕುತ್ತಿರುವ ಬಾಯಿಗೆ ಬಲವಂತವಾಗಿ ಹಾಲಾಗಲಿ ಔಷಧಿಯಾಗಲಿ ಹುಯ್ಯಬೇಡಿ. ನಿದ್ದೆ ಬರಿಸುವ ಕೆಮ್ಮಿನ ಸಿರಪ್ಪು ಕೊಡಲೇಬೇಡಿ. ಅದು ಉಸಿರಿನ ಪ್ರಯತ್ನವನ್ನೇ ಕುಗ್ಗಿಸಬಹುದು, ನೋಡುವವರ ಕಣ್ಣಿಗೆ ಅಪಾಯವನ್ನು ಮರೆಮಾಡುತ್ತದೆ. ಮಗು ನೀಲಿಯಾಗಿದ್ದರೆ, ಉಸಿರು ನಡುನಡುವೆ ನಿಲ್ಲುತ್ತಿದ್ದರೆ ಸ್ವಂತ ವಾಹನದಲ್ಲಿ ಒಬ್ಬರೇ ಹೊರಡುವ ಬದಲು ಸಹಾಯವಾಣಿಗೆ ಕರೆ ಮಾಡಿ, ಫೋನನ್ನು ಇಡದೆ ಅವರು ಹೇಳಿದಂತೆ ಮಾಡಿ.

ಆಡಳಿತಗಾರರೆ, ಈಗ ನಿಮ್ಮ ಕಡೆಗೆ ಬರುತ್ತೇನೆ. ಮನೆಯವರು ಇಷ್ಟನ್ನೆಲ್ಲ ಕಲಿತು ಸರಿಯಾದ ಹೊತ್ತಿಗೆ ಬಂದರೂ ನಮ್ಮ ಬಾಗಿಲಲ್ಲಿ ಏನಾಗುತ್ತದೆ? ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನೋಂದಣಿಯ ಸಾಲಿನಲ್ಲಿ ನಿಂತಿದ್ದ ತಾಯಿಯ ಹೆಗಲ ಮೇಲೆ ಕೂಸೊಂದು ಹೊದಿಕೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಮುಂದಿನವರು ಒಬ್ಬೊಬ್ಬರಾಗಿ ಹೆಸರು ಬರೆಸುತ್ತಿದ್ದರು. ಆ ಕೂಸಿನ ತಲೆ ಪ್ರತಿ ಉಸಿರಿಗೂ ಕದಲುತ್ತಿತ್ತು, ಹೊಳ್ಳೆಗಳು ಅರಳುತ್ತಿದ್ದವು. ಕಿಟಕಿಯ ಹಿಂದೆ ಕುಳಿತವರಿಗೆ ಹೆಸರು, ವಯಸ್ಸು, ವಿಳಾಸ ಬೇಕಿತ್ತು. ಹೊದಿಕೆ ಸರಿಸಿ ನೋಡುವುದು ಅವರ ಕೆಲಸದ ಪಟ್ಟಿಯಲ್ಲಿ ಇರಲೇ ಇಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆ ಪಟ್ಟಿ ಬರೆಯುವವರು ನೀವು.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಪ್ರಕಟಿಸಿದ ಮಕ್ಕಳ ತುರ್ತು ವಿಂಗಡಣೆಯ ತರಬೇತಿ ಕೈಪಿಡಿ, ಮಗು ಬಾಗಿಲಿಗೆ ಬಂದೊಡನೆ, ಯಾವ ನೋಂದಣಿಗೂ ಮೊದಲು, ತುರ್ತಿನ ಲಕ್ಷಣಗಳಿಗಾಗಿ ನೋಡಬೇಕೆನ್ನುತ್ತದೆ. ಇದಕ್ಕೆ ವೈದ್ಯರೇ ಬೇಕಿಲ್ಲ. ದ್ವಾರಪಾಲಕರಿಗೆ, ದಾಖಲೆ ಬರೆಯುವವರಿಗೆ, ಸ್ವಚ್ಛತಾ ಸಿಬ್ಬಂದಿಗೂ ಇದನ್ನು ಕಲಿಸಬಹುದು, ಕಲಿಸಬೇಕು ಎನ್ನುತ್ತದೆ. ನೋಡುವುದಕ್ಕೆ ಹಿಡಿಯುವುದು ಅರೆನಿಮಿಷ. ಹೊದಿಕೆ ಸರಿಸಿ ಎದೆಯನ್ನು ನೋಡಿದ ಒಬ್ಬ ಕಾವಲುಗಾರ ಕೂಸನ್ನು ನೇರ ಒಳಗೆ ಕಳಿಸುವ ಅಧಿಕಾರ ಹೊಂದಿರಬೇಕು, ಮತ್ತು ಕಳಿಸಿದ್ದು ಅನಗತ್ಯವಾಗಿತ್ತೆಂದು ತಿಳಿದ ದಿನವೂ ಅವನನ್ನು ಯಾರೂ ಗದರಿಸಬಾರದು.

ಫೋನಿನಲ್ಲಿಯೂ ಇದೇ ಆಗಬೇಕು. ಜ್ವರ ಎಷ್ಟಿದೆ, ಎಷ್ಟು ದಿನದಿಂದ ಎಂಬ ಪ್ರಶ್ನೆಗಳು ಆಮೇಲೆ ಬರಲಿ. ಅಂಗಿ ಎತ್ತಿ ನೋಡಿ, ಪಕ್ಕೆಯ ಕೆಳಗೆ ಒಳಕ್ಕೆ ಹೋಗುತ್ತಿದೆಯೆ, ನಾಲಿಗೆಯ ಬಣ್ಣ ಹೇಗಿದೆ, ಕೊನೆಯ ಸಲ ಯಾವಾಗ ಕುಡಿಯಿತು, ಎಬ್ಬಿಸಿದರೆ ನಿಮ್ಮನ್ನು ನೋಡುತ್ತದೆಯೆ ಎಂದು ಮೊದಲು ಕೇಳಿ. ಫೋನನ್ನು ಮಗುವಿನ ಮೂಗಿನ ಬಳಿ ಹಿಡಿಯಲು ಹೇಳಿ, ಸದ್ದು ಕೇಳಿಸಿಕೊಳ್ಳಿ. ಮನೆಯವರು ಗಾಬರಿಯಲ್ಲಿ ಎದೆಯ ಚಲನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತಂದರೆ ಅದನ್ನು ತಳ್ಳಿಹಾಕಬೇಡಿ. ಬರುವ ದಾರಿಯಲ್ಲಿ ನಿಂತುಹೋದ ಸದ್ದು, ಸೆಳೆತ, ಉಸಿರಿನ ವಿರಾಮ ಆ ಅರೆನಿಮಿಷದ ದೃಶ್ಯದಲ್ಲಿ ಮಾತ್ರ ಉಳಿದಿರಬಹುದು.

ಈ ಲಕ್ಷಣಗಳು ಎಲ್ಲವನ್ನೂ ಹಿಡಿಯುತ್ತವೆ ಎಂದು ನಾನು ಹೇಳುತ್ತಿಲ್ಲ. ಎಣಿಕೆ ಮಿತಿಯೊಳಗಿದ್ದು, ಸೆಳೆತ ಕಾಣದೆ, ಆದರೂ ತಾಯಿಗೆ ಏನೋ ಸರಿಯಿಲ್ಲ ಅನಿಸುವ ರಾತ್ರಿಗಳಿವೆ. ದಿನವೂ ನೋಡುವ ಮಗುವಿನಲ್ಲಿ ಬಂದ ಬದಲಾವಣೆಯನ್ನು ಅವಳಷ್ಟು ಬೇಗ ನಾವು ಗುರುತಿಸಲಾರೆವು. ಇದನ್ನು ಕೆಲವು ಆರೋಗ್ಯ ವ್ಯವಸ್ಥೆಗಳು ಈಗ ನಿಯಮವಾಗಿಯೇ ಬರೆದುಕೊಂಡಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿರುವ ‘ರಯಾನ್ಸ್ ರೂಲ್’, ಇಂಗ್ಲೆಂಡಿನಲ್ಲಿ 2024ರಿಂದ ಜಾರಿಗೆ ಬಂದಿರುವ ‘ಮಾರ್ಥಾಸ್ ರೂಲ್’ ಇವೆರಡೂ, ರೋಗಿಯ ಸ್ಥಿತಿ ಹದಗೆಡುತ್ತಿದೆ ಎಂದು ಮನೆಯವರಿಗೆ ಅನಿಸಿದಾಗ ಬೇರೊಂದು ವೈದ್ಯತಂಡದಿಂದ ತುರ್ತಾಗಿ ಪರಿಶೀಲಿಸುವಂತೆ ಅವರೇ ಕೇಳಿಕೊಳ್ಳಲು ದಾರಿ ಮಾಡಿಕೊಟ್ಟಿವೆ. ಎರಡೂ ಮಗುವಿನ ಸಾವಿನ ನಂತರ ಹೆತ್ತವರ ಹೋರಾಟದಿಂದ ಬಂದಂಥವು. ನೀವು ಅಂತಹ ಸಾವಿಗಾಗಿ ಕಾಯಬೇಕಾಗಿಲ್ಲ.

ಭಿತ್ತಿಚಿತ್ರಗಳನ್ನು ಅಂಟಿಸಿ ಕೈತೊಳೆದುಕೊಳ್ಳಬೇಡಿ ಎಂದೂ ವಿನಂತಿಸುತ್ತೇನೆ. ನಿಂತ ಚಿತ್ರದಲ್ಲಿ ಸೆಳೆತ ಕಾಣುವುದಿಲ್ಲ, ಅದು ಚಲನೆ. ಮನೆಯವರ ಒಪ್ಪಿಗೆ ಪಡೆದು, ಮುಖ ಕಾಣದಂತೆ ತೆಗೆದ ಎರಡು ದೃಶ್ಯಗಳು ಸಾಕು: ಸಹಜವಾಗಿ ಉಸಿರಾಡುವ ಎದೆಯೊಂದು, ಸೆಳೆಯುತ್ತಿರುವ ಎದೆಯೊಂದು, ಅಕ್ಕಪಕ್ಕದಲ್ಲಿ. ಲಸಿಕೆಯ ನಂತರ ಹೇಗೂ ಕಾದು ಕೂರುವ ಹೊತ್ತಿನಲ್ಲಿ ಅದನ್ನು ತೋರಿಸಬಹುದು. ಬಳಿಕ ನಿದ್ರಿಸುತ್ತಿರುವ ತಮ್ಮದೇ ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿ, ಲಸಿಕೆಯ ಚೀಟಿಯ ಮೇಲೆ ಬರೆದುಕೊಳ್ಳುವಂತೆ ಹೇಳಬಹುದು. ಆರೋಗ್ಯವಾಗಿರುವಾಗಿನ ಎಣಿಕೆ ಗೊತ್ತಿದ್ದವರಿಗೆ ಕಾಯಿಲೆಯ ಎಣಿಕೆಯ ಅರ್ಥ ತಕ್ಷಣ ಹೊಳೆಯುತ್ತದೆ. ಅಪ್ಪ, ಅಜ್ಜಿ, ಮಗುವನ್ನು ನೋಡಿಕೊಳ್ಳುವ ಬೇರೆಯವರು ಯಾರೇ ಜೊತೆಗೆ ಬಂದಿದ್ದರೂ ಅವರ ಕೈಯಲ್ಲೂ ಎಣಿಸಿ ನೋಡಿಸಿ. ತೀರ್ಮಾನ ಮಾಡಬೇಕಾದ ಹೊತ್ತಿನಲ್ಲಿ ಮಗುವಿನ ಬಳಿ ಯಾರಿರುತ್ತಾರೋ ಹೇಳಲಾಗದು. ಈ ಕೆಲಸಕ್ಕೆ ಹೊಸ ಯಂತ್ರ, ಹೊಸ ಹುದ್ದೆ ಯಾವುದೂ ಬೇಕಿಲ್ಲ. ನಿಮ್ಮದೊಂದು ಆದೇಶ ಬೇಕು. ಆದೇಶ ಬಂದ ಮರುದಿನದಿಂದಲೇ ತೋರಿಸಿಕೊಡಲು ನನ್ನಂತಹ ಶುಶ್ರೂಷಕಿಯರು ಪ್ರತಿ ವಾರ್ಡಿನಲ್ಲೂ ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಮಕ್ಕಳ ವಾರ್ಡಿನ ಒಬ್ಬ ಶುಶ್ರೂಷಕಿ